ಗಡಿಕಲ್ಲಿನ ಕೆಳಗಿನ ಬೋಕಿ

ಮೆಲ್ಕಿಯರ್ ಬೇಲಿಯಾಚೆ ನಿಂತು ಮತ್ತೊಮ್ಮೆ ಕೆಮ್ಮಿದ. ಮೊದಲನೆಯ ಕೆಮ್ಮು ಫ್ರೋನಿಯಜ್ಜಿಗೆ ಕೇಳಿಸದೆ ಇರಲಿಲ್ಲ. ಆದರೆ ಯಾರೋ ಕೆಮ್ಮಿದರೆಂದು ತಲೆಯೆತ್ತುವುದಕ್ಕೆ ತಾನೇನು ಅವನು ಸಾಕಿದ ನಾಯಿಯೇ ಎಂದುಕೊಂಡು, ನಾರು ಬಿಡಲೆಂದು ಇಬ್ಬನಿಗೆ ಹರವಿದ್ದ ಅಗಸೆಯ ಕಡ್ಡಿಗಳನ್ನು ಕೋಲಿನಿಂದ ಮಗುಚುತ್ತಲೇ ಇದ್ದಳು.

"ಅಜ್ಜೀ, ನಾನು ಮೆಲ್ಕಿಯರ್."

"ಕಾಣ್ತಿದೆ. ಕಣ್ಣಿನ್ನೂ ಹೋಗಿಲ್ಲ."

"ಒಳಗೆ ಬರ್ಲಾ?"

"ಯಾಕೆ, ಅಲ್ಲಿಂದ ಮಾತಾಡಿದ್ರೆ ನಾಲಿಗೆ ಹೊರಳಲ್ವಾ?"

ಮೆಲ್ಕಿಯರ್ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ದುಂಡು ಮುಖದ, ಬೇಗ ಕೆಂಪಾಗುವ ಮನುಷ್ಯ. ಪಕ್ಕದ ಜಮೀನು ಕೊಂಡು ಹೆಂಡತಿ, ಮನೆ ತುಂಬ ಮಕ್ಕಳೊಂದಿಗೆ ಸಮುದ್ರ ದಾಟಿ ಈ ತುಲ್ಪೆಹಾಕನ್ ಕಣಿವೆಗೆ ಬಂದು ಎರಡು ಸುಗ್ಗಿ ಕಳೆದಿತ್ತು. ಅವನೂ ಜರ್ಮನರ ರೈನ್ ನದಿಯ ಕಡೆಯವನೇ. ಅಜ್ಜಿಯ ಹುಟ್ಟೂರಿನಿಂದ ಅವನೂರಿಗೆ ಅರ್ಧ ದಿನದ ನಡಿಗೆ. ಇನ್ನೊಬ್ಬರಾಗಿದ್ದರೆ ಅಷ್ಟಕ್ಕೇ ತಬ್ಬಿಕೊಂಡು ಅತ್ತುಬಿಡುತ್ತಿದ್ದರು. ಫ್ರೋನಿಯಜ್ಜಿ ಹಾಗೆಲ್ಲ ಅಳುವವಳಲ್ಲ.

"ಗುರುವಾರ ಅಳತೆಯವನು ಬರ್ತಾನಂತೆ. ಒರತೆ ನಿನ್ನ ಕಡೆಗೋ ನನ್ನ ಕಡೆಗೋ ಅವತ್ತು ತೀರ್ಮಾನ ಆಗುತ್ತೆ. ಆಮೇಲೆ ನನ್ನ ಮೇಲೆ ಕೋಪ ಇಟ್ಕೋಬೇಡ."

"ಕೋಪ ಯಾಕಪ್ಪಾ? ನನ್ನ ಒರತೆ ನನ್ನದು ಅಂತ ಹೇಳೋಕೆ ಅವನು ಪಟ್ಟಣದಿಂದ ಕುದುರೆ ಸವೆಸ್ಕೊಂಡು ಬರ್ತಾನಲ್ಲ, ಅದಕ್ಕೆ ಪಾಪ ಅನ್ಸುತ್ತೆ."

"ನನ್ನ ಕಾಗದದಲ್ಲಿ ಗಡಿ ಬಿಳಿ ಓಕ್ ಮರದಿಂದ ಅಂತಿದೆ."

"ನನ್ನದ್ರಲ್ಲೂ ಬಿಳಿ ಓಕ್ ಮರದವರೆಗೆ ಅಂತಾನೇ ಇದೆ. ಒರತೆ ಆಚೆಗೆ ಮೋಟು ಬಿದ್ದಿದೆಯಲ್ಲ, ಅದೇ ಮರ. ಗಾಳಿಗೆ ಉರುಳಿದ್ದನ್ನ ನಾನೇ ನೋಡಿದೀನಿ."

"ಅದೇ ಮರ ಅಂತ ಯಾರು ಹೇಳಿದ್ದು? ಬೆಟ್ಟದ ಮೇಲೆಲ್ಲ ಓಕ್ ಮರಗಳೇ ಇದ್ವು, ನೀವೇ ಕಡಿದು ಸುಟ್ರಿ." ಮೆಲ್ಕಿಯರ್ ದನಿ ತಗ್ಗಿಸಿದ. "ನನಗೆ ನೆಲದ ಆಸೆ ಇಲ್ಲ ಅಜ್ಜಿ. ಬಾವೀಲಿ ಬರೀ ಕೆಸರು ಬರ್ತಿದೆ. ಒರತೆ ಹತ್ತಿರ ಒಂದಿಷ್ಟು ಅಗೆದು ದನಕ್ಕೆ ತೊಟ್ಟಿ ಮಾಡ್ಕೊಂಡ್ರೆ ಸಾಕು. ಆ ಮುಳ್ಳುಗುಲಾಬಿ ಪೊದೆ ಇದೆಯಲ್ಲ, ಅದನ್ನ ಕಿತ್ತು ಹಾಕಿದ್ರೆ ಜಾಗ ಆಗುತ್ತೆ."

ಅಜ್ಜಿ ಕೋಲನ್ನು ಕೆಳಗೆ ಹಾಕಿದಳು. ಹಾಕಿದಳೆಂದರೆ ಬಿಸಾಡಿದಳು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೆಲ್ಕಿಯರ್ ಸ್ವಲ್ಪ ಹೊತ್ತು ನಿಂತಿದ್ದು, ಟೋಪಿ ಹಾಕಿಕೊಂಡು ಹೊರಟುಹೋದ.

ಆ ಪೊದೆಯ ಬುಡದಲ್ಲಿ ಅವಳ ಮಗಳು ಮಲಗಿದ್ದಳು. ಬೆರ್ಬೆಲ್ ಅಂತ ಹೆಸರು. ಇದ್ದ ಒಬ್ಬಳೇ ಮಗಳು.

ಇದನ್ನು ಮೆಲ್ಕಿಯರನಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವವರಿಗೇನು. ಹೇಳಿದ ಮೇಲೆ ಗೆರೆ ಅವನ ಕಡೆಗೆ ಬಿದ್ದರೆ? ಆಗ ತನ್ನ ಮಗಳ ಹತ್ತಿರ ಹೋಗುವುದಕ್ಕೆ ಅವನ ಅಂಗಳದಲ್ಲಿ ನಿಂತು, ಅವನ ಹೆಂಡತಿಯ ಮುಖ ನೋಡಿ, ಹೋಗಲೇನಮ್ಮಾ ಎಂದು ಕೇಳಬೇಕು. ಅದನ್ನಾದರೂ ಹೇಗೋ ಸಹಿಸಬಹುದು. ಆದರೆ ಅವಳಿಗೆ ಉಳಿದಿದ್ದ ಆಸೆಯೇ ಒಂದು, ಸತ್ತ ಮೇಲೆ ಅಲ್ಲಿ ಮಲಗಬೇಕು ಎಂಬುದು. ಬದುಕಿದ್ದಾಗ ಒಬ್ಬಂಟಿಯಾದದ್ದು ಸಾಕು, ಮಣ್ಣಿನಲ್ಲಾದರೂ ಮಗ್ಗುಲಲ್ಲಿ ಒಂದು ಜೀವ ಇರಲಿ ಎಂದು. ಹೆಣವನ್ನು ಎಲ್ಲಿ ಹೂಳಬೇಕೆಂದು ನೆರೆಯವನ ಅಪ್ಪಣೆ ಕೇಳಿಕೊಂಡು ಸಾಯುವುದು ಅವಳಿಂದ ಆಗದ ಮಾತು.

ಅವಳ ಗಂಡ ವೆಲ್ಟೆನ್ ಹೋದ ಚಳಿಗಾಲ ತೀರಿಕೊಂಡಿದ್ದ. ಅವನು ಇಗರ್ಜಿಯ ಹಿತ್ತಲಲ್ಲಿ ಮಲಗಿದ್ದಾನೆ. ತಾನೇ ಕೇಳಿ ಅಲ್ಲಿ ಜಾಗ ಮಾಡಿಸಿಕೊಂಡ. ಮಗಳ ಪಕ್ಕ ಬೇಡವೇ ಎಂದು ಅವಳು ಕೇಳಿದಾಗ ಗೋಡೆಯ ಕಡೆ ಹೊರಳಿ ಮಲಗಿದ್ದ. ಆ ಹೊರಳುವಿಕೆಯನ್ನು ಫ್ರೋನಿ ಮರೆತಿರಲಿಲ್ಲ. ಅವನ ಮೇಲಿನ ದೂರುಗಳನ್ನು ಅವಳು ಮನಸ್ಸಿನಲ್ಲೇ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಅದರಲ್ಲಿ ಇದೊಂದು.

ಎಲ್ಲಕ್ಕಿಂತ ದೊಡ್ಡ ದೂರು ಕಲ್ಲಿನದು.

ಹುಟ್ಟೂರಲ್ಲಿದ್ದಾಗ ವೆಲ್ಟೆನ್ ಏಳ್ವರಲ್ಲಿ ಒಬ್ಬ. ಹೊಲಗಳ ನಡುವೆ ಗಡಿಕಲ್ಲು ನೆಡುವುದಕ್ಕೆ ಊರಿಗೆ ಏಳು ಜನ ಆಣೆ ಮಾಡಿದವರು ಇರುತ್ತಿದ್ದರು. ಕಲ್ಲು ನೆಡುವ ಮುಂಚೆ ಅದರ ಕೆಳಗೆ ಸಾಕ್ಷಿ ಇಡಬೇಕು, ಊರ ಕುಂಬಾರನ ಆವಿಗೆಯಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳು. ಬಿಲ್ಲೆ ಸುಡುವುದು ಊರಿಗೆಲ್ಲ ಗೊತ್ತು. ಅವನ್ನು ಕಲ್ಲಿನ ಕೆಳಗೆ ಹೇಗೆ ಜೋಡಿಸುತ್ತಾರೆ ಎಂಬುದು ಏಳ್ವರಿಗೆ ಬಿಟ್ಟರೆ ಹೆಂಡತಿಗೂ ಗೊತ್ತಿಲ್ಲ, ಪಾದ್ರಿಗೂ ಗೊತ್ತಿಲ್ಲ. ಯಾರಾದರೂ ಕಳ್ಳತನದಿಂದ ಕಲ್ಲು ಸರಿಸಿದರೆ ಜೋಡಣೆ ತಪ್ಪಿರುತ್ತದೆ, ಏಳ್ವರು ಅಗೆದು ನೋಡಿ ಹಿಡಿದುಬಿಡುತ್ತಾರೆ. ಹಿಡಿಯದೆ ಬಿಟ್ಟರೂ ದೇವರು ಬಿಡುವುದಿಲ್ಲ. ಕಲ್ಲು ಸರಿಸಿದವನು ಸತ್ತ ಮೇಲೆ ಮೈಯೆಲ್ಲ ಉರಿಯುತ್ತ, ಆ ಕಲ್ಲನ್ನೇ ಹೊತ್ತು, ಎಲ್ಲಿಡಲಿ, ಎಲ್ಲಿಡಲಿ ಎಂದು ಕೂಗುತ್ತ ಹೊಲದಿಂದ ಹೊಲಕ್ಕೆ ಅಲೆಯುತ್ತಾನೆ. ಇಲ್ಲಿಗೆ ಬಂದ ಮೇಲೆ ಹುಟ್ಟಿದ ಬೆರ್ಬೆಲ್‌ಗೆ ಈ ಕಥೆ ಬಹಳ ಇಷ್ಟ. ಎಲ್ಲಿಡಲಿ ಎನ್ನುವಲ್ಲಿ ಅಪ್ಪನ ದನಿ ದಪ್ಪವಾಗುತ್ತಿದ್ದಂತೆ ಅವಳು ಅಮ್ಮನ ಲಂಗದಲ್ಲಿ ಮುಖ ಹುದುಗಿಸಿಕೊಂಡು ಕಿರುಚುತ್ತಿದ್ದಳು.

ಅಷ್ಟೆಲ್ಲ ಕಲ್ಲು ನೆಟ್ಟವನಿಗೆ ಸ್ವಂತಕ್ಕೆ ಒಂದು ಗೇಣು ನೆಲವಿರಲಿಲ್ಲ. ಉಳುವ ನೆಲ ದೊರೆಯದು, ಮೇಯುವ ಹುಲ್ಲು ದೊರೆಯದು, ಕಾಡಿನಲ್ಲಿ ಬಿದ್ದ ಒಣಕಡ್ಡಿಯೂ ದೊರೆಯದೇ. ಸಮುದ್ರ ದಾಟಿ ಬಂದದ್ದು ಆ ಸಿಟ್ಟಿಗೆ. ಇಲ್ಲಿ ನೆಲ ತನ್ನದಾದಾಗ, ಇಂಗ್ಲಿಷರ ಅಳತೆಗಾರ ಸರಪಳಿ ಎಳೆಸಿ, ಮೂಲೆಯ ಓಕ್ ಮರಕ್ಕೆ ಕೊಡಲಿಯಿಂದ ಕಚ್ಚು ಹಾಕಿ, ಇದೇ ನಿನ್ನ ಗಡಿ ಎಂದು ಹೋದಾಗ, ವೆಲ್ಟೆನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಮರಾನ ಗಡಿ ಮಾಡ್ತಾರಂತೆ ಫ್ರೋನಿ! ನಾಳೆ ಸಾಯೋದನ್ನ ಸಾಕ್ಷಿಗೆ ಕರೆಯೋರು ಇವರೊಬ್ಬರೇ." ಆಮೇಲೆ ತೊರೆಯಿಂದ ಒಂದು ಕಲ್ಲನ್ನು ಆರಿಸಿದ. ಅದನ್ನು ಕಾಡಿನೊಳಗೆ ಹೊರುವುದಕ್ಕೆ ಫ್ರೋನಿ ಬೇಕಾಗಿದ್ದಳು. ಹೊತ್ತಳು. ಮರದ ಬುಡ ಮುಟ್ಟಿದ ಮೇಲೆ ಅವನು ಹೇಳಿದ್ದು ಒಂದೇ ಮಾತು.

"ಆ ಕಡೆ ತಿರುಗು."

ಅವಳು ತಿರುಗಿ ನಿಂತಳು. ಎದುರಿಗೆ ಎಲ್ಲೆಲ್ಲೂ ಒಂದೇ ಥರದ ಕಾಡು. ಬೆನ್ನ ಹಿಂದೆ ಮಣ್ಣು ಅಗೆಯುವ ಸದ್ದು, ಏನೋ ಕಿಣ್ ಎಂದ ಸದ್ದು. ಸುತ್ತ ಗಾವುದ ದೂರ ಒಂದು ನರಪಿಳ್ಳೆಯಿಲ್ಲ. ಇಡೀ ಹೊಸ ದೇಶದಲ್ಲಿ ಅವನಿಗೆ ಅವಳು, ಅವಳಿಗೆ ಅವನು. ಆದರೂ ತಿರುಗಿ ನಿಲ್ಲಬೇಕಿತ್ತು. ಆ ಹೊತ್ತು ಅವಳಿಗೆ ಸಮುದ್ರ ದಾಟಿದ್ದು ತಾನೊಬ್ಬಳೇ ಎನ್ನಿಸಿಬಿಟ್ಟಿತು, ಮತ್ತು ಆ ಅನ್ನಿಸಿಕೆ ಪೂರ್ತಿಯಾಗಿ ಎಂದೂ ಹೋಗಲಿಲ್ಲ.

ಅವನು ಸಾಯುವ ಮುಂಚೆ ಒಮ್ಮೆ ಕೇಳಿದ್ದಳು.

"ಈಗಾದ್ರೂ ಹೇಳು. ಕಲ್ಲು ಎಲ್ಲಿ, ಕೆಳಗೆ ಏನಿದೆ?"

"ಏಳ್ವರಲ್ಲದೋರಿಗೆ ಹೇಳೋ ಹಾಗಿಲ್ಲ ಫ್ರೋನಿ."

"ಏಳ್ವರು ಎಲ್ಲಿದಾರೋ ಮಾರಾಯ? ಎಲ್ಲ ಸಮುದ್ರದಾಚೆ ಮಣ್ಣಾಗಿರ್ತಾರೆ."

"ನಾನಿದ್ದೀನಲ್ಲ," ಎಂದ ವೆಲ್ಟೆನ್.

ಮಾರನೆಯ ದಿನ ಅವನೂ ಇರಲಿಲ್ಲ.

ಮೆಲ್ಕಿಯರ್ ಬಂದುಹೋದ ಮಾರನೆಯ ಬೆಳಿಗ್ಗೆ ಅಜ್ಜಿ ಒಂದು ತುಂಡು ರೈ ರೊಟ್ಟಿಗೆ ಸೇಬಿನ ಪಾಕ ಸವರಿಕೊಂಡು ತಿಂದು, ಗುದ್ದಲಿಯನ್ನೂ ಕಬ್ಬಿಣದ ಸಲಾಕೆಯನ್ನೂ ಹಿಡಿದು ಒರತೆಯ ಕಡೆ ಹೊರಟಳು. ಅಳತೆಯವನು ಬರುವ ಮುಂಚೆ ಕಲ್ಲು ಸಿಕ್ಕರೆ ಮೆಲ್ಕಿಯರನ ಬಾಯಿ ಮುಚ್ಚುತ್ತದೆ ಎಂಬುದು ಅವಳ ಲೆಕ್ಕ. ಒರತೆಯಾಚೆಯ ಮೋಟಿನ ಸುತ್ತ ಸಲಾಕೆ ಚುಚ್ಚಿದಳು. ಬೇರು ಸಿಕ್ಕಿತು, ಇಲಿಯ ಬಿಲ ಸಿಕ್ಕಿತು. ಕಲ್ಲು ಸಿಗಲಿಲ್ಲ. ಬಿಸಿಲೇರುವವರೆಗೆ ಚುಚ್ಚಿ, ಸೊಂಟ ಹಿಡಿದುಕೊಂಡು ಗುಲಾಬಿ ಪೊದೆಯ ಪಕ್ಕ ಕುಳಿತಳು.

"ನಿಮ್ಮಪ್ಪ ಎಲ್ಲಿಟ್ಟಿದಾನೆ ಗೊತ್ತೇನೇ?" ಎಂದು ಪೊದೆಯನ್ನು ಕೇಳಿದಳು. ಇತ್ತೀಚೆಗೆ ಅವಳು ಜೋರಾಗಿಯೇ ಮಾತಾಡುತ್ತಿದ್ದಳು. ಕೇಳಿ ನಗುವವರು ಯಾರಿದ್ದರು?

ಅಲ್ಲಿ ಕುಳಿತು ಮೇಲೆ ನೋಡಿದಾಗ ಅಗಸೆ ಹೊಲದ ಅಂಚು ಕಂಡಿತು. ಪ್ರತಿ ವಸಂತದಲ್ಲೂ ವೆಲ್ಟೆನ್ ಕೋಲು ಹಿಡಿದು ಒಬ್ಬನೇ ಗಡಿ ಸುತ್ತುತ್ತಿದ್ದ. ಸುತ್ತಿ ಬರುವಾಗ ಆ ಅಂಚಿನಲ್ಲಿ ನಿಂತು, ಟೋಪಿ ತೆಗೆದು, ಒರತೆಯ ಕಡೆ ನೋಡುತ್ತ ಬಹಳ ಹೊತ್ತು ಇರುತ್ತಿದ್ದ. ಅವಳು ಅಡುಗೆಮನೆಯ ಬಾಗಿಲಿನಿಂದ ಎಷ್ಟೋ ಸಲ ನೋಡಿದ್ದಳು. ಮಗಳ ಹತ್ತಿರ ಬರುವುದಕ್ಕೂ ಆಗದೆ ದೂರದಿಂದಲೇ ಕೈ ಮುಗಿದು ಹೋಗುತ್ತಾನೆ, ಕಲ್ಲೆದೆಯವನು ಎಂದು ಬೈದುಕೊಂಡಿದ್ದಳು. ಅವನು ಅಲ್ಲೇ ಯಾಕೆ ನಿಲ್ಲುತ್ತಿದ್ದ ಎಂದು ಯೋಚಿಸಿರಲಿಲ್ಲ.

ಅವಳು ಎದ್ದು ಮೇಲಕ್ಕೆ ಹತ್ತಿದಳು. ಅವನು ನಿಲ್ಲುತ್ತಿದ್ದಲ್ಲೇ ನಿಂತಳು. ಕಾಲ ಕೆಳಗೆ ಸಲಾಕೆ ಊರಿದಳು. ಹೆಚ್ಚು ಆಳ ಹೋಗಲಿಲ್ಲ, ಟಣ್ ಎಂದಿತು.

ಮಣ್ಣು ಕೆದಕಿದಾಗ ತೊರೆಯ ನುಣುಪುಗಲ್ಲಿನ ಬೆನ್ನು ಕಂಡಿತು. ಒಂದು ಕಾಲಕ್ಕೆ ತಾನೇ ಹೊತ್ತಿದ್ದ ಕಲ್ಲು. ಪಕ್ಕದಲ್ಲಿ ಸುಟ್ಟ ಮೋಟಿನ ಇದ್ದಿಲು, ಬೂದಿಯಾದ ಬೇರು. ಓಕ್ ಮರವಿದ್ದದ್ದು ಇಲ್ಲೇ. ಫ್ರೋನಿಯಜ್ಜಿ ಕಲ್ಲನ್ನು ನೋಡಿದಳು, ಕೆಳಗೆ ಒರತೆಯನ್ನು ನೋಡಿದಳು. ಗಡಿ ಇಲ್ಲಿದ್ದರೆ ಒರತೆ ಅವಳದಲ್ಲ. ಪೊದೆಯೂ ಅವಳದಲ್ಲ. ಬೆರ್ಬೆಲ್ ಮಲಗಿದ್ದದ್ದು ಮೊದಲಿನಿಂದಲೂ ಬೇರೆಯವರ ನೆಲದಲ್ಲಿ.

ಅವಳು ಕಲ್ಲಿನ ಪಕ್ಕದಲ್ಲೇ ಕುಸಿದು ಕುಳಿತಳು. ಒಂದೊಂದಾಗಿ ಎಲ್ಲ ನೆನಪಾಯಿತು. ಮಗು ಹೋದದ್ದು ಕಡುಚಳಿಯಲ್ಲಿ. ನೆಲವೆಲ್ಲ ಹೆಪ್ಪುಗಟ್ಟಿ ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಒರತೆಯ ಪಕ್ಕದಲ್ಲಿ ಮಾತ್ರ ಮಣ್ಣು ಮೆತ್ತಗಿತ್ತು. ವೆಲ್ಟೆನ್ ಅಲ್ಲಿ ಅಗೆದ. ಆಚೆಯ ನೆಲಕ್ಕೆ ಆಗ ಒಡೆಯರೇ ಇರಲಿಲ್ಲ, ಕೇಳುವವರೂ ಇರಲಿಲ್ಲ. ಆದರೆ ಗೆರೆ ಎಲ್ಲಿದೆ ಎಂಬುದು ಅಗೆಯುವ ಕೈಗೆ ಗೊತ್ತಿತ್ತು. ವಸಂತದಲ್ಲಿ ಅವಳು, ಮಗುವಿನ ತಲೆಯ ಹತ್ತಿರ ಒಂದು ಕಲ್ಲು ನೆಡು ಎಂದಾಗ, ಬೇಡ ಎಂದ. ಯಾಕೆ ಎಂದರೆ ಬೇಡ ಎಂದ. ಊರಿನ ಹೊಲಗಳಿಗೆಲ್ಲ ಕಲ್ಲು ನೆಟ್ಟವನಿಗೆ ಹೆತ್ತ ಮಗಳಿಗೊಂದು ಕಲ್ಲು ಭಾರವಾಯಿತೇ ಎಂದು ಅವಳು ಅತ್ತು ರಂಪ ಮಾಡಿದ್ದಳು. ಗುಲಾಬಿ ನೆಡು ಬೇಕಾದರೆ, ಕಲ್ಲು ಬೇಡ ಎಂದ. ಬೇರೆಯವರ ನೆಲದಲ್ಲಿ ಕಲ್ಲು ನೆಡುವುದು ಅವನಂಥವನಿಂದ ಆಗುವ ಕೆಲಸವಾಗಿರಲಿಲ್ಲ. ಸತ್ತ ಮೇಲೆ ಬೇರೆಯವರ ನೆಲದಲ್ಲಿ ಮಲಗುವುದೂ ಆಗಲಿಲ್ಲ.

"ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ!" ಎಂದು ಅಜ್ಜಿ ಕಲ್ಲಿಗೆ ಗುದ್ದಿದಳು. ಕೈ ನೋಯಿತು. ಅವಳು ಅತ್ತಳು. ನಾನು ಹೇಳಿದೆನಲ್ಲ, ಅಳುವವಳಲ್ಲ ಎಂದು. ಅವತ್ತು ಅತ್ತಳು. ಗಂಡ ಕಲ್ಲೆದೆಯವನಲ್ಲ ಎಂದು ತಿಳಿದದ್ದಕ್ಕೆ ಸಂತೋಷಪಡಬೇಕಿತ್ತು. ಆದರೆ ಇಷ್ಟು ವರ್ಷ ಒಂದೇ ದುಃಖವನ್ನು ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತುಕೊಂಡು ತಿರುಗಿದೆವಲ್ಲ ಎಂದು ಅತ್ತಳು.

ಅತ್ತಾದ ಮೇಲೆ ಮೂಗು ಒರೆಸಿಕೊಂಡಳು. ಸುತ್ತ ನೋಡಿದಳು. ಯಾರೂ ಇರಲಿಲ್ಲ. ಕಲ್ಲು ಎಲ್ಲಿದೆ ಎಂದು ಈಗ ಇಡೀ ಪ್ರಪಂಚದಲ್ಲಿ ತಿಳಿದವಳು ಅವಳೊಬ್ಬಳೇ.

ಅಗಸೆ ಸಾಗಿಸುವ, ಗಾಲಿಯಿಲ್ಲದ ಜಾರುಬಂಡಿಯನ್ನು ಎಳೆದು ತಂದಳು. ಸಲಾಕೆಯಿಂದ ಮೀಟಿ ಕಲ್ಲನ್ನು ಹೊರಳಿಸಿದಾಗ ಕೆಳಗೆ ಬೋಕಿಗಳು ಕಂಡವು. ಕೆಂಪು ಮಣ್ಣಿನ ತಟ್ಟೆಯ ಒಡಕು ಚೂರುಗಳು. ಹಳದಿಯಲ್ಲಿ ಬಿಡಿಸಿದ ಹಕ್ಕಿಯ ರೆಕ್ಕೆ ಒಂದರಲ್ಲಿ, ಬಾಲ ಇನ್ನೊಂದರಲ್ಲಿ, ಕೊಕ್ಕು ತೆರೆದ ತಲೆ ಮತ್ತೊಂದರಲ್ಲಿ. ಅವಳು ಗಬಕ್ಕನೆ ಎಲ್ಲವನ್ನೂ ಬಾಚಿ ಮಡಿಲಿಗೆ ಹಾಕಿಕೊಂಡಳು.

ಅದು ಅವಳ ತಾಯಿ ಕೊಟ್ಟ ತಟ್ಟೆ. ಹಾಸಿಗೆಯಲ್ಲಿ ಸುತ್ತಿ, ಹಡಗಿನಲ್ಲಿ ಮಗುವಿನಂತೆ ಅಪ್ಪಿಕೊಂಡು, ಒಂದು ಬಿರುಕೂ ಬೀಳದ ಹಾಗೆ ತಂದದ್ದು. ಬಂದ ವರ್ಷವೇ ಕಾಣೆಯಾಯಿತು. ಹಂದಿ ಉರುಳಿಸಿತು, ಚೂರು ಎಸೆದೆ ಎಂದಿದ್ದ ವೆಲ್ಟೆನ್. ಅವಳು ಆ ಹಂದಿಯನ್ನು ಕೊಯ್ಯುವವರೆಗೂ ಶಪಿಸಿದ್ದಳು, ತಿನ್ನುವಾಗಲೂ ಶಪಿಸಿದ್ದಳು. ಪಾಪ, ಹಂದಿ. ಸಾಕ್ಷಿಯ ಬಿಲ್ಲೆ ಹುಟ್ಟೂರಿನ ಮಣ್ಣಿನದೇ ಆಗಬೇಕು. ಈ ದೇಶದಲ್ಲಿ ಅವರೂರಿನ ಮಣ್ಣು ಇದ್ದದ್ದು ಈ ತಟ್ಟೆಯಲ್ಲಿ ಮಾತ್ರ. ಕೇಳಿದ್ದರೆ ಅವಳು ಕೊಡುತ್ತಿದ್ದಳೇ? ಬೈದು, ಅತ್ತು, ಕೊಡುತ್ತಿದ್ದಳು. ಅವನು ಕೇಳಲಿಲ್ಲ.

ಕಲ್ಲನ್ನು ಬಂಡಿಗೆ ಹೊರಳಿಸಿ ಇಳಿಜಾರಿನಲ್ಲಿ ಎಳೆದಳು. ಸೊಂಟ ಮುರಿದುಹೋಗುತ್ತದೆ ಎನ್ನಿಸಿತು. ಪೊದೆಯನ್ನು ದಾಟಿ, ಒರತೆಯನ್ನು ದಾಟಿ, ಗಾಳಿಗೆ ಬಿದ್ದ ಮರದ ಮೋಟಿನ ಬುಡಕ್ಕೆ ತಂದಳು. ಎಲ್ಲಿಡಲಿ ಎಂಬ ದಪ್ಪ ದನಿ ತಲೆಯೊಳಗೆ ಕೇಳುತ್ತಲೇ ಇತ್ತು. "ಇಲ್ಲೇ ಇಡ್ತೀನಿ," ಎಂದು ಅದಕ್ಕೆ ಉತ್ತರ ಕೊಟ್ಟಳು. "ಸತ್ಮೇಲೆ ಉರಿಯೋದಾದ್ರೆ ಉರೀತೀನಿ. ಈಗೇನು ತಣ್ಣಗಿದೀನಾ?" ಗುಂಡಿ ತೋಡಿ ಬೋಕಿಗಳನ್ನು ತೋಚಿದಂತೆ ಹಾಸಿದಳು. ಹಕ್ಕಿಯ ತಲೆಯಿದ್ದ ಚೂರು ಕೈಗೆ ಬಂದಾಗ ಮಣ್ಣಿಗೆ ಹಾಕಲು ಮನಸ್ಸು ಬರಲಿಲ್ಲ. ಅದನ್ನು ಲಂಗದ ಜೇಬಿಗೆ ಹಾಕಿಕೊಂಡಳು. ಮೇಲೆ ಕಲ್ಲು ನಿಲ್ಲಿಸಿ, ಮಣ್ಣು ತುಳಿದು, ಎಲೆ ಹರಡಿದಳು. ಮೇಲಿನ ಗುಂಡಿಯನ್ನೂ ಮುಚ್ಚಿ ಅದರ ಮೇಲೆ ಅಗಸೆ ಹರವಿದಳು.

ಗುರುವಾರ ಅಳತೆಗಾರ ಬಂದ. ಸಣಕಲು ಮೈಯ ಇಂಗ್ಲಿಷಿನವನು, ನೆಗಡಿ ಹಿಡಿದಿತ್ತು. ಮುಕ್ಕಾಲಿಯ ಮೇಲೆ ದಿಕ್ಸೂಚಿ ನಿಲ್ಲಿಸಿ, ಜರ್ಮನ್ ಮಾತನ್ನು ಮುರಿದು ಮುರಿದು ಆಡಿದ.

"ಮರ ಎಲ್ಲಿ? ಬಿಳಿ ಮರ?"

"ಇಲ್ಲಿ ಸ್ವಾಮಿ," ಎಂದು ಅಜ್ಜಿ ಮೋಟು ತೋರಿಸಿದಳು. "ನನ್ನ ಗಂಡ ಬುಡದಲ್ಲಿ ಕಲ್ಲೂ ಇಟ್ಟಿದಾನೆ. ಅಗೆದು ನೋಡಿ."

ಸರಪಳಿಯ ಆಳುಗಳು ಅಗೆದರು. ಕಲ್ಲು ಸಿಕ್ಕಿತು. ಎತ್ತಿದಾಗ ಬೋಕಿಗಳು ಕಂಡವು. ಅಳತೆಗಾರ ಬಗ್ಗಿ ನೋಡಿ ಸೀನಿದ.

"ಒಡೆದ ತಟ್ಟೆ? ಕಸ?"

"ಕಸ ಅಲ್ಲ ಸ್ವಾಮಿ," ಎಂದ ಮೆಲ್ಕಿಯರ್. "ನಮ್ಮ ಕಡೆ ಗಡಿಗೆ ಇದೇ ಸಾಕ್ಷಿ. ಇದಿದ್ರೆ ಬೇರೆ ಏನೂ ಬೇಡ."

ಅವನು ಗುಂಡಿಯ ಪಕ್ಕ ಮೊಣಕಾಲೂರಿದ. ಬೋಕಿಗಳನ್ನು ಮುಟ್ಟಲಿಲ್ಲ, ಸುಮ್ಮನೆ ನೋಡಿದ. ಬಹಳ ಹೊತ್ತು ನೋಡಿದ. ಅವನ ಕಿವಿ ನಿಧಾನವಾಗಿ ಕೆಂಪಾಗುವುದು ಅಜ್ಜಿಗೆ ಕಂಡಿತು. ಅವಳ ಕೈ ಜೇಬಿನೊಳಗೆ ಹಕ್ಕಿಯ ತಲೆಯನ್ನು ಹಿಡಿದುಕೊಂಡಿತ್ತು. ಅಂಚು ಅಂಗೈಗೆ ಚುಚ್ಚುತ್ತಿತ್ತು.

"ಏನು? ಒಪ್ಪಿಗೆ? ಇಲ್ಲ?" ಎಂದ ಅಳತೆಗಾರ.

ಮೆಲ್ಕಿಯರ್ ತಲೆಯೆತ್ತಿ ಅಜ್ಜಿಯನ್ನು ನೋಡಿದ, ಒರತೆಯನ್ನು ನೋಡಿದ, ಆಮೇಲೆ ಗುಲಾಬಿ ಪೊದೆಯನ್ನು.

"ಒಪ್ಪಿಗೆ," ಎಂದ.

ಅಳತೆಗಾರ ಕಾಗದದಲ್ಲಿ ಮರ ಎಂದಿದ್ದುದನ್ನು ಹೊಡೆದುಹಾಕಿ ಕಲ್ಲು ಎಂದು ಬರೆದುಕೊಂಡ. ಇಬ್ಬರಿಂದಲೂ ಗುರುತು ಹಾಕಿಸಿಕೊಂಡು, ಅಜ್ಜಿ ಕೊಟ್ಟ ಬಿಸಿ ಹಾಲು ಕುಡಿದು ಹೊರಟುಹೋದ. ಒರತೆ ಅವಳದಾಯಿತು. ಪೊದೆ ಅವಳದಾಯಿತು. ಮನೆಯೊಳಗೆ ಬಂದು ಕುಳಿತರೆ ಗೆದ್ದ ಸಂತೋಷ ಎಲ್ಲಿಯೂ ಇರಲಿಲ್ಲ. ಹೇಳಿಕೊಳ್ಳಲು ಯಾರೂ ಇಲ್ಲದ ಗುಟ್ಟೊಂದು ಈಗ ಅವಳಿಗೂ ಇತ್ತು. ವೆಲ್ಟೆನ್‌ಗೆ ಹೀಗೇ ಆಗುತ್ತಿತ್ತೇನೋ ಎಂದುಕೊಂಡಳು.

ಹೊತ್ತು ಇಳಿಯುವ ಮುಂಚೆ ಮೆಲ್ಕಿಯರ್ ಬಂದ. ಈ ಸಲ ಕೆಮ್ಮಲಿಲ್ಲ, ಬೇಲಿ ದಾಟಿ ನೇರವಾಗಿ ಬಾಗಿಲಿಗೇ ಬಂದ.

"ಅದನ್ನ ಇಟ್ಟಿದ್ದು ನಿನ್ನ ಗಂಡ ಅಲ್ಲ," ಎಂದ.

ಅಜ್ಜಿಯ ಕೈ ಜೇಬಿನ ಚೂರಿಗೆ ಹೋಯಿತು.

"ನಾನೂ ಏಳ್ವರಲ್ಲಿ ಒಬ್ಬ ಅಜ್ಜಿ. ನಮ್ಮಪ್ಪ ಹೋದ್ಮೇಲೆ ಅವನ ಜಾಗಕ್ಕೆ ನನ್ನ ಕೈಲಿ ಆಣೆ ಮಾಡಿಸಿದ್ರು. ಆ ಬೋಕಿ ಜೋಡಿಸಿದೋರು ಏಳ್ವರಲ್ಲ. ಕಣ್ಣು ಮುಚ್ಕೊಂಡು ಹೇಳ್ತೀನಿ."

"ಮತ್ತೆ ಅವನ ಮುಂದೆ ಯಾಕೆ ಬಾಯಿಗೆ ಬೀಗ ಹಾಕ್ಕೊಂಡೆ?"

"ಹೇಗೆ ಗೊತ್ತಾಯ್ತು ಅಂತ ಅವನು ಕೇಳಿದ್ರೆ ಏನು ಹೇಳ್ಲಿ? ಆಣೆ ಇದೆ." ಅವನು ಹೊಸ್ತಿಲ ಮೇಲೆ ಕುಳಿತ. "ಅದೂ ಅಲ್ದೆ, ನೀನು ಕಲ್ಲು ಸರಿಸೋ ಹೆಂಗಸಲ್ಲ. ಸರಿಸಿದೀಯ ಅಂದ್ರೆ ಅಲ್ಲೇನೋ ಇದೆ. ಏನಿದೆ ಆ ಪೊದೆ ಕೆಳಗೆ?"

ಅಜ್ಜಿ ಹೇಳಿದಳು. ಕಡುಚಳಿ, ಮೆತ್ತಗಿನ ಮಣ್ಣು, ಬೇಡವೆಂದ ಕಲ್ಲು, ಹಂದಿ ಒಡೆಯಿತೆಂದು ಅವನು ಸುಳ್ಳು ಹೇಳಿದ ತಟ್ಟೆ, ಎಲ್ಲವನ್ನೂ. ತನ್ನನ್ನು ಎಲ್ಲಿ ಹೂಳಬೇಕು ಎಂಬುದನ್ನೂ. ಮೆಲ್ಕಿಯರ್ ನೆಲ ನೋಡುತ್ತ ಕೇಳಿದ.

"ನಾನು ಅಲ್ಲಿ ತೊಟ್ಟಿ ತೋಡೋಕೆ ಹೊರಟಿದ್ದೆ," ಎಂದ ಕೊನೆಗೆ. "ಹೇಳಬಾರ್ದಾಗಿತ್ತಾ ಅಜ್ಜಿ? ನಮ್ಮದೂ ಒಂದು ಕೂಸು ಹಡಗಿನಲ್ಲಿ ಹೋಯ್ತು. ಬಟ್ಟೆ ಸುತ್ತಿ ನೀರಿಗೆ ಬಿಟ್ರು. ನಮ್ಮವಳು ಈಗ್ಲೂ ಕೇಳ್ತಾಳೆ, ಎಲ್ಲಿ ಅಂತ. ಎಲ್ಲಿ ಅಂತ ತೋರಿಸ್ಲಿ?"

ಅಜ್ಜಿ ಬಂದು ಅವನ ಪಕ್ಕ ಹೊಸ್ತಿಲ ಮೇಲೆ ಕುಳಿತಳು.

"ನೀರು ತಗೊಂಡು ಹೋಗು," ಎಂದಳು ಅಜ್ಜಿ. "ತೊಟ್ಟಿ ಕೆಳಗಡೆ ಮಾಡ್ಕೋ, ಕಾಲುವೆ ತೆಗೆದು ಬಿಡು. ನೀರಿಗೆ ನಾನು ಯಾವತ್ತು ಬೇಡ ಅಂದಿದೀನಿ?"

"ಹೋದ ಬೇಸಿಗೇಲಿ ನಮ್ಮ ಹುಡುಗನ ಕೊಡ ಒದ್ದಿದ್ದು ಮರ್ತುಹೋಯ್ತಾ?"

"ಒದ್ದೆ. ಅವನು ಪೊದೆ ತುಳ್ಕೊಂಡು ಬಂದಿದ್ದ."

ಮೆಲ್ಕಿಯರ್ ನಕ್ಕ. ಆಮೇಲೆ ಮುಖ ಗಂಭೀರ ಮಾಡಿಕೊಂಡು ಎದ್ದ. "ಬಾ, ಬೆಳಕಿರೋವಾಗ್ಲೇ ಸರಿ ಮಾಡೋಣ. ಕದ್ದು ಇಟ್ಟ ಕಲ್ಲು ಹಾಗೇ ಇರಬಾರ್ದು. ನೀನು ಉರ್ಕೊಂಡು ನಮ್ಮ ಹೊಲದಲ್ಲಿ ಓಡಾಡಿದ್ರೆ ನನ್ನ ದನ ಬೆದರ್ತಾವೆ. ಎರಡೂ ಕಡೆಯೋರು ನಿಂತು ಒಪ್ಪಿ ಇಟ್ರೆ ಯಾರೂ ಉರಿಯೋದು ಬೇಡ. ಈ ಜಾಗ ನಾನು ಒಪ್ಪಿದೀನಿ."

ಇಬ್ಬರೂ ಒರತೆಗೆ ಇಳಿದರು. ಮೆಲ್ಕಿಯರ್ ಕಲ್ಲು ಹೊರಳಿಸಿ, ಬೋಕಿಗಳನ್ನು ಒಂದೊಂದಾಗಿ ಎತ್ತಿ, ಮಣ್ಣು ಒರೆಸಿ ಹುಲ್ಲಿನ ಮೇಲಿಟ್ಟ. ಅಜ್ಜಿ ಪಕ್ಕದಲ್ಲಿ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು.

"ಏಳ್ವರು ಇದನ್ನ ಹೇಗಿಡ್ತೀರೋ ಮೆಲ್ಕಿಯರ್?" ಎಂದಳು. ದನಿಯಲ್ಲಿ ಯಾವತ್ತಿನ ಚುಚ್ಚು ಇರಲಿಲ್ಲ. "ನನ್ನ ತಾಯಿ ತಟ್ಟೆ ಅದು. ನನ್ನ ಮಗಳ ನೆಲ. ಒಂದ್ಸಲ ನೋಡ್ತೀನಿ. ನಾನು ಯಾರಿಗೆ ಹೇಳ್ಬೇಕು, ನನಗಿರೋರು ಯಾರು?"

ಮೆಲ್ಕಿಯರ್ ಕೈ ನಿಲ್ಲಿಸಿದ. ತಲೆಯೆತ್ತಲಿಲ್ಲ. ಅವನ ಕಿವಿ ಮತ್ತೆ ಕೆಂಪಾಯಿತು. ನೆಲ ಕೊಟ್ಟವನಿಗೆ ಇದನ್ನು ಕೊಡಲು ಆಗುತ್ತಿಲ್ಲ ಎಂದು ಅವಳಿಗೆ ತಿಳಿಯಿತು.

"ಆ ಕಡೆ ತಿರುಗು ಅಜ್ಜಿ," ಎಂದ ಮೆಲ್ಲಗೆ.

ಅವಳು ತಿರುಗಿದಳು. ಅಂದು ಎದುರಿಗೆ ಬರೀ ಕಾಡಿತ್ತು, ಇಂದು ಎಲೆ ಉದುರಿದ ಗುಲಾಬಿ ಪೊದೆ, ಅದರ ಪಕ್ಕ ಅವಳೊಬ್ಬಳು ಮಲಗುವಷ್ಟು ಜಾಗ. ಬೆನ್ನ ಹಿಂದೆ ಮಣ್ಣು ಕೆದಕುವ ಸದ್ದು. ಕಿಣ್ ಎಂಬ ಸದ್ದು.

"ಒಂದು ಚೂರು ಕಮ್ಮಿ ಇದೆ. ಹಕ್ಕೀಗೆ ತಲೆ ಇಲ್ಲ."

ಅಜ್ಜಿ ಜೇಬಿಗೆ ಕೈ ಹಾಕಿದಳು. ಚೂರನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ತಿರುಗದೆ, ಕೈಯನ್ನು ಹಿಂದಕ್ಕೆ ಚಾಚಿದಳು. ಮಣ್ಣು ಮೆತ್ತಿದ ಬೆರಳುಗಳು ಅದನ್ನು ತೆಗೆದುಕೊಂಡವು. ಖಾಲಿ ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು.

"ತಿರುಗ್ಲೇನೋ?"

"ಇರು ಅಜ್ಜಿ, ಇನ್ನೂ ಇಲ್ಲ."

ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಮಗಳ ಕಡೆ ಮುಖ ಮಾಡಿ ನಿಂತೇ ಇದ್ದಳು.